ಹೂಮಾಲೆ ಬಾಡಿದ ಮೇಲೆ ನಿನ್ನ ಕೆಲಸ

ತಮ್ಮಾ, ಒಂದು ಗಳಿಗೆ ಕೂಡು. ಎಲ್ಲೋ ಒಬ್ಬ ಯೋಧ ತೀರಿಕೊಂಡ ಅಂತ ಸುದ್ದಿ ಬಂದರೆ ಸಾಕು, ಊರಿಗೆಲ್ಲ ಮೊದಲು ಸ್ಟೇಟಸ್ ಹಾಕುವವನು ನೀನು. ಬೈಕಿಗೆ ಬಾವುಟ ಕಟ್ಟಿ ಮೆರವಣಿಗೆಯ ಮುಂದೆ ಹೋಗುವವನೂ ನೀನೇ. ನಿನ್ನ ಕಣ್ಣೀರು ಸುಳ್ಳಲ್ಲ, ನನಗೆ ಗೊತ್ತು. ಆದರೆ ತಿಂಗಳು ಕಳೆದ ಮೇಲೆ ಆ ಮನೆಯ ಕಡೆ ನಿನ್ನ ಬೈಕು ತಿರುಗುವುದಿಲ್ಲ. ಸಿಟ್ಟಾಗಬೇಡ, ಕೇಳು. ನಮ್ಮ ಎರೆ ಹೊಲ ನೋಡಿದ್ದೀಯಲ್ಲ? ಧೋ ಅಂತ ಸುರಿದ ಮಳೆ ಹಳ್ಳ ಸೇರುತ್ತದೆ, ಜಿಟಿಜಿಟಿ ಹಿಡಿದದ್ದು ಬೇರಿಗೆ ಇಳಿಯುತ್ತದೆ. ಸತ್ತವರನ್ನು ನೆನೆಯುವುದೂ ಹಾಗೆಯೇ.

ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಿನಗೆ ಗೊತ್ತು. ಬೆಟದೂರು ಕುಂದಗೋಳ ತಾಲ್ಲೂಕಿನದು. 1997ರಲ್ಲಿ ಗದಗ ಜಿಲ್ಲೆ ಬೇರೆ ಆಗುವ ತನಕ ನರಗುಂದದವರಾದ ನಾವೂ ಅವರೂ ಒಂದೇ ಧಾರವಾಡ ಜಿಲ್ಲೆಯವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ರಾಶಿ ಕುಸಿಯಿತು. ಹತ್ತು ಜನ ಅದರಡಿ ಸಿಕ್ಕರು. ಆರನೇ ದಿನ ಅಗೆದು ತೆಗೆದಾಗ ಹನುಮಂತಪ್ಪನಲ್ಲಿ ಇನ್ನೂ ಉಸಿರಿತ್ತು. ಇಡೀ ದೇಶ ಕೈಮುಗಿದು ಕಾಯಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಆತ ಹೋಗಿಬಿಟ್ಟ. ಗುಂಡು ಹಾರಲಿಲ್ಲ, ಶತ್ರು ಎದುರಿಗೆ ಬರಲಿಲ್ಲ. ಆದರೂ ಅದು ಗಡಿ ಕಾಯುತ್ತ ಹೋದ ಜೀವ. ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ಜನ ಸಾಲುಗಟ್ಟಿ ದರ್ಶನ ಪಡೆದರು. ಆಮೇಲೆ ಹುಟ್ಟಿದೂರಿನ ಮಣ್ಣಿನಲ್ಲೇ ಆತನ ಸಮಾಧಿಯಾಯಿತು.

ಇಷ್ಟು ನಿನ್ನ ಬಾಯಲ್ಲೂ ಇದೆ. ಅದರ ಹಿಂದಿನದು? ಶಾಲೆಗೆ ದಿನಾ ಆರು ಕಿಲೋಮೀಟರ್ ನಡೆದ ಹುಡುಗ ಆತ. ಸೇನೆ ಮೂರು ಸಲ ಬೇಡ ಅಂದು ಕಳಿಸಿತ್ತು. 2002ರಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದ. ಹದಿಮೂರು ವರ್ಷದ ನೌಕರಿಯಲ್ಲಿ ಹತ್ತು ವರ್ಷ ಕಾಶ್ಮೀರ, ಈಶಾನ್ಯ, ಸಿಯಾಚಿನ್ ಅಂತ ಬಿಕ್ಕಟ್ಟಿನ ಜಾಗಗಳಲ್ಲೇ ಕಳೆದ. ಹಿಮದಡಿ ಆರು ದಿನ ಬದುಕಿದ್ದನ್ನು ಜನ ಪವಾಡ ಅನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಮೂರು ಸಲ ತಿರುಗಿ ಬಂದವನು ನಾಲ್ಕನೇ ಸಲ ಮತ್ತೆ ಸಾಲಿನಲ್ಲಿ ನಿಂತದ್ದು. ನೀನೋ, ಭರ್ತಿಯ ಓಟದಲ್ಲಿ ಒಮ್ಮೆ ಹಿಂದೆ ಬಿದ್ದರೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಚಹಾದಂಗಡಿ ಕಟ್ಟೆ ಬಿಟ್ಟು ಏಳುವುದಿಲ್ಲ. ಆತನ ಸಾವನ್ನು ಹೊಗಳುವುದು ಸುಲಭ. ಆತನ ಹಟವನ್ನು ಕಲಿ, ಅದು ಕಷ್ಟ.

ಇನ್ನೊಂದು ಕೇಳುತ್ತೇನೆ, ಉತ್ತರ ಹೇಳು. ಆ ಹತ್ತು ಜನರಲ್ಲಿ ಕರ್ನಾಟಕದವರು ಇನ್ನೂ ಇಬ್ಬರಿದ್ದರು. ಯಾರು? ತಲೆ ಕೆರೆದುಕೊಂಡೆಯಾ? ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ನಮ್ಮ ಸೀಮೆಯವನಿಗಷ್ಟೇ ಅತ್ತರೆ ಅದು ಅರ್ಧ ಅಳು. ಒಂದೇ ಠಾಣೆಯಲ್ಲಿ ಒಂದೇ ರಾತ್ರಿ ಕಾದವರನ್ನು ನಾವು ಜಿಲ್ಲೆ ನೋಡಿ ಬೇರೆ ಮಾಡಬಾರದು.

ನೆನೆಯುವುದು ಹೇಗೆ ಅಂತ ನರಗುಂದದ ಹುಡುಗನಿಗೆ ಹೊರಗಿನವರು ಕಲಿಸಬೇಕಿಲ್ಲ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ರೈತರು ಎದ್ದಾಗ ಗೋಲಿಬಾರಿನಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಿದ್ದ. ಅವನು ಸೈನಿಕನಲ್ಲ, ರೈತ. ಇಷ್ಟು ವರ್ಷವಾದರೂ ಜುಲೈ 21 ಬಂದರೆ ಅವನ ವೀರಗಲ್ಲಿನ ಮುಂದೆ ಜನ ಕೂಡುತ್ತಾರೆ. ಕೂಡಿದವರು ನೀರಿನ ಮಾತನ್ನೇ ಆಡುತ್ತಾರೆ. ಅವನು ಯಾವುದಕ್ಕಾಗಿ ಹೋದನೋ ಅದನ್ನು ಬಿಟ್ಟಿಲ್ಲ, ಅದಕ್ಕೇ ಆ ಕಲ್ಲಿಗೆ ಬೆಲೆ.

ಹಿಂದಿನವರು ಕಲ್ಲು ನಿಲ್ಲಿಸಿ ಮನೆಗೆ ಹೋಗಿ ಮಲಗುತ್ತಿರಲಿಲ್ಲ. ಕಾದಾಡಿ ಸತ್ತವನ ಮನೆಯವರು ಉಣ್ಣಲಿ ಅಂತ ನೆತ್ತರುಗೊಡಗೆ ಭೂಮಿ ಬಿಡುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಶಾಸನವೊಂದಿತ್ತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲು ಅದು. ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡವನಿಗೆ ಪಾಪ ಅಂತಲೂ ಬರೆಸಿದ್ದಾರೆ. ಒಂದು ನಾಯಿಯ ನೆನಪಿಗೇ ಅಷ್ಟು ಕಟ್ಟುಪಾಡು. ಮಗನನ್ನು ಕೊಟ್ಟ ಮನೆಗೆ ನಾವು ಒಂದು ದಿನದ ಹಾರ ಹಾಕಿ ಮುಗಿಸಿದರೆ ಹೇಗೆ?

ಹಾಗಾದರೆ ಏನು ಮಾಡಲಿ ಅನ್ನುತ್ತೀಯಾ? ದೊಡ್ಡದೇನೂ ಬೇಡ. ಹುತಾತ್ಮನ ಮನೆಗೆ ಹೋದಾಗ ಮೊಬೈಲ್ ಕಿಸೆಯಲ್ಲಿರಲಿ. ಹೆಂಡತಿಯನ್ನೋ ತಾಯಿಯನ್ನೋ ಆ ದಿನದ ಕಥೆ ಮತ್ತೆ ಹೇಳು ಅನ್ನಬೇಡ. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳು. ಬಿತ್ತುವ ದಿನಗಳಲ್ಲಿ ಅವರ ಹೊಲಕ್ಕೆ ಆಳು ಸಿಕ್ಕರೋ ಇಲ್ಲವೋ ವಿಚಾರಿಸು. ಮಕ್ಕಳ ಗಣಿತಕ್ಕೆ ಸಂಜೆ ಒಂದು ತಾಸು ಕೂಡು. ಸೈನಿಕ ಕಲ್ಯಾಣ ಇಲಾಖೆಯ ಅರ್ಜಿ ತುಂಬುವುದು ಓದಿದ ನಿನಗೆ ಹತ್ತು ನಿಮಿಷದ ಕೆಲಸ, ಎಪ್ಪತ್ತು ದಾಟಿದ ತಂದೆಗೆ ಅದು ಮೂರು ಸಲದ ಬಸ್ಸು. ಸಭೆಯಲ್ಲಿ ಮೊದಲು ಹಾರ ಹಾಕುವವರು ಯಾರು ಅಂತ ಜಗಳ ಶುರುವಾದರೆ ನೀನು ಹಿಂದೆ ಸರಿದು ಕುರ್ಚಿ ಜೋಡಿಸು. ಹುತಾತ್ಮನ ಹೆಸರಿಗೆ ಜಾತಿ, ಪಕ್ಷ ಯಾವುದನ್ನೂ ಅಂಟಿಸಲು ಬಿಡಬೇಡ.

ನೀನು ಒಳ್ಳೆಯ ಹುಡುಗ, ಅವಸರ ಒಂದೇ ನಿನ್ನ ರೋಗ. ಪಿಂಚಣಿ ಪಡೆಯುವವರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ನಿಮ್ಮ ಊರಿನ ಅಂಥ ಒಬ್ಬ ತಾಯಿಯನ್ನು ಈ ಸಲ ನೀನೇ ಬೈಕಿನಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋಗು. ಮುಂದಿನ ವರ್ಷವೂ ಹೋಗು. ಅವರು ಕರೆಯಲಿ ಅಂತ ಕಾಯಬೇಡ.