ಹುತ್ತದ ಅಣಬೆಯೋ, ಹಸಿರು ಗರಿಯ ಅಣಬೆಯೋ?



ಗುಡುಗು ಬಂದು ನಾಲ್ಕು ದಿನ ಮಳೆ ಹೊಯ್ದರೆ ಸಾಕು, ಗುಡ್ಡದಲ್ಲೂ ತೋಟದಲ್ಲೂ ಅಣಬೆ ಏಳುತ್ತದೆ. ಮನೆಗೆ ಸಾರಿಗಾಯಿತು, ಹೆಚ್ಚಿದ್ದರೆ ಸಂತೆಗೂ ಆಯಿತು. "ವಿಷದ್ದು ಯಾವುದು ಸಿಸ್ಟರ್?" ಎಂದು ಸಂಘದ ಸಭೆಗಳಲ್ಲಿ ಕೇಳುತ್ತೀರಿ. ಎಲ್ಲಾ ಅಣಬೆಗೂ ಸಲ್ಲುವ ಒಂದೇ ಗುರುತು ಇಲ್ಲ. ಆದುದರಿಂದ ಒಂದನ್ನೊಂದು ಹೋಲುವ ಎರಡನ್ನು ಮಾತ್ರ ಈ ಸಲ ನೋಡೋಣ.

ಒಂದು, ನಾವು ತಿನ್ನುವ ಹುತ್ತದ ಅಣಬೆ. ವಿಜ್ಞಾನದ ಹೆಸರು ಟರ್ಮಿಟೋಮೈಸಿಸ್. ಗೆದ್ದಲು ತನ್ನ ಗೂಡಿನಲ್ಲಿ ಸಾಕುವ ಶಿಲೀಂಧ್ರ ಇದು. ಚಿಪ್ಪಣಬೆಯ ಹಾಗೆ ಶೆಡ್ಡಿನಲ್ಲಿ ಹುಲ್ಲಿನ ಮೇಲೆ ಬೆಳೆಸಲು ಬರುವುದಿಲ್ಲ. ಇನ್ನೊಂದು ಕ್ಲೋರೋಫಿಲ್ಲಮ್ ಮೋಲಿಬ್ಡೈಟಿಸ್, ಅಂದರೆ ಹಸಿರು ಗರಿಯ ಅಣಬೆ. ಅಂಗಳದ ಹುಲ್ಲಿನಲ್ಲಿ, ಮೈದಾನದಲ್ಲಿ ಏಳುತ್ತದೆ. ನೋಡಲು ಬಹಳ ಚಂದ, ಊಟದ ತಟ್ಟೆಯಷ್ಟು ಅರಳುವುದೂ ಉಂಟು. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಜೋರಾಗಿ ಹಿಡಿಯುತ್ತದೆ.

ಮೊದಲು ಬುಡ ನೋಡಿ. ಕಿತ್ತರೆ ತುಂಡಾಗುತ್ತದೆ, ಕತ್ತಿಯಿಂದ ಅಗೆಯಬೇಕು. ಹುತ್ತದ ಅಣಬೆಯ ದಂಟು ಬೇರಿನ ಹಾಗೆ ಸಪೂರವಾಗಿ ಗೆದ್ದಲ ಗೂಡಿನ ತನಕ ಇಳಿದಿರುತ್ತದೆ. ಮೇಲೆ ಹುತ್ತ ಕಾಣದಿದ್ದರೂ ಕೆಳಗೆ ಗೂಡು ಇರುತ್ತದೆ. (ಹಿಂಡಾಗಿ ಏಳುವ ಪುಟಾಣಿ ಜಾತಿಗೆ ಮಾತ್ರ ಈ ಬೇರಿಲ್ಲ.) ಹಸಿರು ಗರಿಯದ್ದರ ಬುಡ ಸ್ವಲ್ಪ ಉಬ್ಬಿ ಅಲ್ಲಿಗೇ ಮುಗಿಯುತ್ತದೆ.

ಕೊಡೆಯ ನಡುವೆ ಹುತ್ತದ ಅಣಬೆಗೆ ಗಟ್ಟಿ ಮೊನೆ ಇರುತ್ತದೆ. ಮಣ್ಣು ತೂತು ಮಾಡಿ ಬರಬೇಕಲ್ಲ. ಇನ್ನೊಂದಕ್ಕೆ ಬಿಳಿಯ ಮೇಲೆ ಕಂದು ಹೊಪ್ಪಳೆಗಳು. ಅದರ ದಂಟಿನ ಉಂಗುರ ನಮ್ಮ ಕೈಬಳೆಯಂತೆ ಮೇಲೆ ಕೆಳಗೆ ಜಾರುತ್ತದೆ. ಆದರೆ ಉಂಗುರ ಒಂದನ್ನೇ ನಂಬಬೇಡಿ, ಹುತ್ತದ ಅಣಬೆಯ ಕೆಲವು ಜಾತಿಗೂ ಉಂಗುರ ಉಂಟು.

ಗರಿಗಳ ವಿಷಯದಲ್ಲಿ ಮೋಸ ಹೋಗುವುದು ಹೆಚ್ಚು. ಹೆಸರು ಹಸಿರು ಗರಿ ಎಂದಿದ್ದರೂ ಎಳೆಯದರಲ್ಲಿ ಗರಿ ಬಿಳಿಯೇ. ಬಲಿತ ಮೇಲೆ ಹಸಿರು ಬೂದು ಬಣ್ಣ ಬರುತ್ತದೆ. ಆದ್ದರಿಂದ ಅರಳಿದ ಒಂದು ಕೊಡೆಯನ್ನು ಕತ್ತರಿಸಿ, ಗರಿ ಕೆಳಗಾಗಿ ಬಿಳಿ ಕಾಗದದ ಮೇಲಿಟ್ಟು, ರಾತ್ರಿಯಿಡೀ ಪಾತ್ರೆ ಮುಚ್ಚಿಡಿ. ಬೆಳಿಗ್ಗೆ ಹಸಿರು ಪುಡಿ ಉದುರಿದ್ದರೆ ಬುಟ್ಟಿಯನ್ನೇ ಸುರಿದುಬಿಡಿ. ಹುತ್ತದ ಅಣಬೆಯ ಪುಡಿ ನಸುಗೆಂಪು. ಬರೇ ಬಿಳಿ ಪುಡಿ ಬಿದ್ದರೂ ತಿನ್ನಬೇಡಿ. ಬುಡದಲ್ಲಿ ಚೀಲದಂಥ ಬಟ್ಟಲಿರುವ ಅಮಾನಿಟಾ ಜಾತಿಯದ್ದೂ ಬಿಳಿಯೇ. ಅದರಲ್ಲಿ ಕೆಲವು ಲಿವರನ್ನೇ ಕೆಡಿಸುತ್ತವೆ, ತೊಂದರೆ ಕಾಣುವುದು ಆರು ಗಂಟೆಯ ಮೇಲೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಬೆಳ್ಳಿ ನಾಣ್ಯ ಕಪ್ಪಾಗುತ್ತದೆ, ಹುಳ ತಿಂದದ್ದು ಒಳ್ಳೆಯದು ಎನ್ನುವ ಮಾತುಗಳಿಗೆ ಆಧಾರವಿಲ್ಲ. ಅಣಬೆ ತಿಂದು ವಾಂತಿಯಾದರೆ ಮನೆಮದ್ದು ಮಾಡುತ್ತಾ ಕೂರದೆ ೧೦೮ಕ್ಕೆ ಫೋನ್ ಮಾಡಿ, ಉಳಿದ ಅಣಬೆಯನ್ನೂ ಆಸ್ಪತ್ರೆಗೆ ಒಯ್ಯಿರಿ. ವಾಂತಿ ನಿಂತಿತೆಂದು ಅರ್ಧ ದಾರಿಯಿಂದ ಹಿಂದೆ ಬರಬೇಡಿ.

ಸಂತೆಗೆ ಒಯ್ಯುವವರು ಚಂದ ಕಾಣಲೆಂದು ಬುಡ ಕತ್ತರಿಸುತ್ತಾರೆ. ಬುಡ ಹೋದರೆ ಮುಖ್ಯ ಗುರುತೇ ಹೋಯಿತು. ನಮ್ಮ ಸಂಘದವರು ಮಣ್ಣು ಕೊಡವಿ, ಬೇರು ಸಮೇತ ಕಟ್ಟು ಕಟ್ಟಿ ಮಾರಿರಿ. ಕೊಳ್ಳುವವರು ಕೇಳಿದರೆ ಬೇರನ್ನೇ ತೋರಿಸಿ.