ಬಸಿರಿಗೆ ಮೂರು ತಿಂಗಳು ಮೊದಲೇ

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ, ಮದುವೆಯಾಗಿ ನಾಲ್ಕು ವರ್ಷವಾಯಿತು. ಪಿಸಿಓಡಿ ಇದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಕಳೆದ ವರ್ಷ ನಿಂತ ಗರ್ಭ ಎಂಟನೇ ವಾರಕ್ಕೆ ಹೋಯಿತು. ಈಗ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 8.1 ಬಂದಿದೆ, ಮೆಟ್‌ಫಾರ್ಮಿನ್ ಶುರು ಮಾಡಿದ್ದಾರೆ. ಎಎಂಎಚ್ ಚೆನ್ನಾಗಿದೆ, ಆದರೆ ಮೊಟ್ಟೆಯ ಕ್ವಾಲಿಟಿ ಸಾಲದಿರಬಹುದು ಎನ್ನುತ್ತಾರೆ. ಸಕ್ಕರೆಗೂ ಮೊಟ್ಟೆಗೂ ಏನು ಸಂಬಂಧ? ಇನ್ನು ತಡ ಮಾಡಬೇಡಿ ಎಂದು ಅತ್ತೆಯವರ ಒತ್ತಾಯ.
– ಹೆಸರು ಬೇಡ, ದಾವಣಗೆರೆ

ಉತ್ತರ: ಸಂಬಂಧ ಇದೆ, ತೀರಾ ಹತ್ತಿರದ್ದೇ. ಎಎಂಎಚ್ ಪರೀಕ್ಷೆ ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆ, ಅಷ್ಟೇ. ಪಿಸಿಓಡಿ ಇದ್ದವರಲ್ಲಿ ಅದು ಹೆಚ್ಚೇ ಬರುತ್ತದೆ. ಅಂಡಾಣುವಿನ ಗುಣ ಹೇಳುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ.

ಹೆಣ್ಣುಮಗು ಹುಟ್ಟುವಾಗಲೇ ಹತ್ತಿಪ್ಪತ್ತು ಲಕ್ಷ ಅಂಡಾಣುಗಳೊಂದಿಗೆ ಹುಟ್ಟುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಅಂಡಾಣು ಬಲಿತು ಹೊರಬೀಳುವ ಕೊನೆಯ ಹಂತಕ್ಕೆ ಸುಮಾರು ಮೂರು ತಿಂಗಳು ಬೇಕು. ಆಗ ಅದು ಫಾಲಿಕಲ್ ಎಂಬ ಪುಟ್ಟ ಚೀಲದಲ್ಲಿ, ನಿಮ್ಮ ರಕ್ತದಿಂದಲೇ ಜಿನುಗಿದ ದ್ರವದಲ್ಲಿ ಇರುತ್ತದೆ. ರಕ್ತದಲ್ಲಿ ಸಕ್ಕರೆ, ಇನ್ಸುಲಿನ್, ಕೊಬ್ಬಿನಾಮ್ಲ ಏರಿದರೆ ಆ ದ್ರವದಲ್ಲೂ ಏರುತ್ತದೆ. ಅದರ ಪೆಟ್ಟು ಮುಖ್ಯವಾಗಿ ಬೀಳುವುದು ಮೈಟೊಕಾಂಡ್ರಿಯಾ ಎಂಬ ಶಕ್ತಿಕಣಗಳ ಮೇಲೆ. ವರ್ಣತಂತುಗಳನ್ನು ಸರಿಯಾಗಿ ಎರಡು ಪಾಲು ಮಾಡುವ ಕೆಲಸಕ್ಕೂ ಈ ಕಣಗಳ ಶಕ್ತಿಯೇ ಬೇಕು.

ಭ್ರೂಣದ ಮೊದಲ ದಿನಗಳು ನಡೆಯುವುದೂ ಅಂಡಾಣು ಕಟ್ಟಿಕೊಟ್ಟ ಬುತ್ತಿಯಲ್ಲೇ. ಮೂರನೇ ದಿನದ ಹೊತ್ತಿಗೆ, ನಾಲ್ಕರಿಂದ ಎಂಟು ಕೋಶಗಳಾದಾಗ, ಅದರ ಸ್ವಂತ ಜೀನುಗಳು ಜೋರಾಗಿ ಕೆಲಸ ಶುರು ಮಾಡುತ್ತವೆ. ಮೈಟೊಕಾಂಡ್ರಿಯಾ ಮಾತ್ರ ಪೂರಾ ತಾಯಿಯ ಕಡೆಯದೇ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಧುಮೇಹವಿದ್ದ ಇಲಿಗಳಿಂದ ಒಂದೇ ಕೋಶದ ಭ್ರೂಣಗಳನ್ನು ತೆಗೆದು ಆರೋಗ್ಯವಂತ ಇಲಿಗಳ ಗರ್ಭಕ್ಕೆ ಸೇರಿಸಿದರು. ಅಷ್ಟಾದರೂ ಮರಿಗಳಲ್ಲಿ ಅಂಗದೋಷ, ಕುಂಠಿತ ಬೆಳವಣಿಗೆ ಕಂಡವು. ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಗರ್ಭ ನಿಂತ ಮೇಲೆ ಶುಗರ್ ನೋಡಿಕೊಂಡರಾಯಿತು ಎನ್ನುವ ನಮ್ಮ ರೂಢಿ ಎಷ್ಟು ತಡವಾದದ್ದು ಎಂಬುದು ಅದರಿಂದ ಗೊತ್ತಾಗುತ್ತದೆ.

ಮಗುವಿನ ಮೆದುಳು, ಬೆನ್ನುಹುರಿಗಳ ಮೂಲವಾದ ನರನಾಳ ಗರ್ಭಧಾರಣೆಯಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಅಂದರೆ ಮುಟ್ಟು ತಪ್ಪಿ ಎರಡು ವಾರಕ್ಕೆ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವ ನಿಮಗೆ ಅಷ್ಟರಲ್ಲಿ ಅನುಮಾನವೂ ಬಂದಿರುವುದಿಲ್ಲ.

ಆದ್ದರಿಂದ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿಳಿಯುವವರೆಗೆ ಗರ್ಭನಿರೋಧಕ ಬಳಸಿ. ಮೆಟ್‌ಫಾರ್ಮಿನ್‌ನಿಂದ ಅಂಡೋತ್ಪತ್ತಿ ಮರಳಿ ಶುರುವಾಗಬಹುದು, ‘ನನಗೆಲ್ಲಿ ನಿಲ್ಲುತ್ತದೆ’ ಎಂದು ಉದಾಸೀನ ಮಾಡಬೇಡಿ. ಮಧುಮೇಹವಿದ್ದವರಿಗೆ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ 5 ಮಿಲಿಗ್ರಾಂ ಬೇಕಾಗುತ್ತದೆ, ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಕಣ್ಣಿನ ರೆಟಿನಾ, ಮೂತ್ರದ ಪ್ರೊಟೀನ್, ಥೈರಾಯ್ಡ್ ಪರೀಕ್ಷೆಗಳೂ ಆಗಲಿ. ಬಿಪಿ, ಕೊಲೆಸ್ಟರಾಲ್ ಮಾತ್ರೆ ನುಂಗುತ್ತಿದ್ದರೆ ಈಗಲೇ ಹೇಳಿ, ಕೆಲವನ್ನು ಬದಲಿಸಬೇಕು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ತೂಕ ಹೆಚ್ಚಿದ್ದರೆ ಶೇ 5ರಷ್ಟು ಇಳಿದರೂ, 70 ಕಿಲೋ ಇರುವವರಿಗೆ ಮೂರೂವರೆ ಕಿಲೋ, ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ದಾವಣಗೆರೆಯವರಿಗೆ ಬೆಣ್ಣೆ ದೋಸೆ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಅಪರೂಪಕ್ಕೆ ಇರಲಿ. ಸಂಜೆಯ ಮಂಡಕ್ಕಿ ಮಾತ್ರ ಕಡಿಮೆ ಮಾಡಿ, ಸಕ್ಕರೆಯನ್ನು ಬೇಗ ಏರಿಸುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡರೆ ಲಾಭವಿಲ್ಲ. ಮೊಟ್ಟೆಯ ಕ್ವಾಲಿಟಿ ಹೆಚ್ಚಿಸುತ್ತೇವೆ ಎಂದು ಮಾರುವ ದುಬಾರಿ ಪುಡಿಗಳಿಗೆ ಗಟ್ಟಿ ಪುರಾವೆ ಇಲ್ಲ, ಆ ದುಡ್ಡಿಗೆ ತರಕಾರಿ, ಕಾಳು ತನ್ನಿ.

ಹೋದ ಗರ್ಭಕ್ಕಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ಆಕಸ್ಮಿಕ ವರ್ಣತಂತು ದೋಷದಿಂದ ಆಗುವಂಥವು. ಅತ್ತೆಯವರಿಗೆ ಒಂದು ಮಾತು ತಿಳಿಸಿ: ವೀರ್ಯಾಣು ತಯಾರಾಗಲೂ ಎರಡೂವರೆ ತಿಂಗಳು ಬೇಕು, ಮಗನ ತೂಕ, ಶುಗರ್, ಸಿಗರೇಟು ಕೂಡ ಲೆಕ್ಕಕ್ಕೆ ಬರುತ್ತವೆ. ಪತಿಯನ್ನೂ ಪರೀಕ್ಷೆಗೆ ಕರೆದೊಯ್ಯಿರಿ.

ಪ್ರಶ್ನೆ: ಮೊದಲ ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯ ನಂತರ ಹೋಯಿತು. ಮಗುವಿಗೆ ಮೂರು ವರ್ಷ. ನಾನು ತೆಳ್ಳಗೇ ಇದ್ದೇನೆ. ಕಾಪರ್-ಟಿ ತೆಗೆಸಿ ಎರಡನೆಯದಕ್ಕೆ ನೋಡೋಣ ಎಂದಿದ್ದೇವೆ. ಮತ್ತೆ ಪರೀಕ್ಷೆ ಬೇಕೆ?
– ಶಿರಸಿಯ ಓದುಗರು

ಉತ್ತರ: ಬೇಕು. ಬಸಿರಿನಲ್ಲಿ ಸಕ್ಕರೆ ಏರಿದವರಿಗೆ ಮುಂದೆ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಏಳು ಪಟ್ಟಿನಷ್ಟು ಹೆಚ್ಚು. ತೆಳ್ಳಗಿರುವುದು ನಮ್ಮವರಿಗೆ ದೊಡ್ಡ ರಕ್ಷಣೆಯಲ್ಲ. ಹೊಟ್ಟೆಯೊಳಗಿನ ಕೊಬ್ಬು ಕಣ್ಣಿಗೆ ಕಾಣುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ನಡೆದ ಪಾರ್ಥೆನಾನ್ ಅಧ್ಯಯನದಲ್ಲಿ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಿಗೆ ಒಂಬತ್ತು ಹತ್ತು ವರ್ಷವಾಗುವ ಹೊತ್ತಿಗೆ ಮೈಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಿದ್ದವು. ಖಾಲಿ ಹೊಟ್ಟೆಯ ಶುಗರ್ ಒಂದೇ ಸಾಲದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆ ಮಾಡಿಸಿ. ಅದರ ವರದಿ ಕೈಗೆ ಬಂದು ವೈದ್ಯರು ನೋಡುವವರೆಗೆ ಕಾಪರ್-ಟಿ ತೆಗೆಸಬೇಡಿ.