ಮನೆಯಂಗಳದ ನಿಸರ್ಗ ಪಾಠ

ಮಗುವು ಶಾಲೆಯ ಮೆಟ್ಟಿಲನ್ನು ಹತ್ತುವ ಮೊದಲೇ ನೋಡಲು ಕಲಿತಿರುತ್ತದೆ. ಇರುವೆಯ ಸಾಲಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಊಟವನ್ನೂ ಮರೆಯುವ ಶಕ್ತಿ ಅದಕ್ಕಿದೆ. ಶಾಲೆಗೆ ಬಂದ ಮೇಲೆ ಅದು ಹೆಸರುಗಳನ್ನು ಕಲಿಯುತ್ತದೆ; ಹೆಸರು ತಿಳಿದ ವಸ್ತುವನ್ನು ಮತ್ತೆ ನೋಡುವ ಗೋಜಿಗೆ ಹೋಗುವುದಿಲ್ಲ. ಏಕದಳ, ದ್ವಿದಳಗಳ ಲಕ್ಷಣಗಳನ್ನು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆದ ಬಾಲಕನು ತಮ್ಮದೇ ಹೊಲದ ಜೋಳ, ತೊಗರಿಗಳ ಎದುರು ನಿಂತು ತಡವರಿಸುವುದನ್ನು ಕಾಣದ ಉಪಾಧ್ಯಾಯರು ವಿರಳ. ಈ ಕೊರತೆಗೆ ಪರಿಹಾರವನ್ನು ಹುಡುಕಿದವರಲ್ಲಿ ಇಬ್ಬರು ಮಹಿಳೆಯರು ಸ್ಮರಣೀಯರು. ಒಬ್ಬರು ಬರೆದದ್ದು ತಾಯಂದಿರಿಗಾಗಿ, ಇನ್ನೊಬ್ಬರು ಬರೆದದ್ದು ಹಳ್ಳಿಯ ಉಪಾಧ್ಯಾಯರಿಗಾಗಿ. ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಕೊಡುವ ಪಾಶ್ಚಾತ್ಯ ಕುಟುಂಬಗಳಲ್ಲಿ ಈ ಇಬ್ಬರ ಗ್ರಂಥಗಳೂ ಇಂದಿಗೂ ಬಳಕೆಯಲ್ಲಿವೆ.

ಮೊದಲನೆಯವರು ಇಂಗ್ಲೆಂಡಿನ ಶಾರ್ಲಟ್ ಮೇಸನ್ (1842–1923). ಗೃಹಶಿಕ್ಷಣವನ್ನು ಕುರಿತ ಅವರ ಗ್ರಂಥ 1886ರಲ್ಲಿ ಪ್ರಕಟವಾಯಿತು. ಮರುವರ್ಷವೇ ಪಾಲಕರ ಸಂಘವೊಂದು ಹುಟ್ಟಿಕೊಂಡಿತು. 1892ರಲ್ಲಿ ಆಂಬಲ್‌ಸೈಡ್ ಎಂಬ ಊರಿನಲ್ಲಿ, ಮನೆಗಳಲ್ಲಿ ಪಾಠ ಹೇಳುವ ಶಿಕ್ಷಕಿಯರ ತರಬೇತಿಗಾಗಿ ವಿದ್ಯಾಲಯ ಆರಂಭವಾಯಿತು. ಏಪ್ರಿಲಿನಿಂದ ಅಕ್ಟೋಬರಿನವರೆಗೆ, ಹವೆ ಅನುಕೂಲವಾಗಿರುವ ದಿನಗಳಲ್ಲಿ, ಚಿಕ್ಕ ಮಕ್ಕಳು ನಾಲ್ಕರಿಂದ ಆರು ಗಂಟೆಗಳ ಕಾಲ ಬಯಲಿನಲ್ಲಿರಬೇಕೆಂದು ಆಕೆ ಸೂಚಿಸಿದರು. ಮೋಡ ಮುಸುಕಿದ ಚಳಿನಾಡಿನಲ್ಲಿ ಕುಳಿತು ಹೇಳಿದ ಮಾತಿದು; ವರ್ಷದ ಬಹುಭಾಗ ಬಿಸಿಲಿರುವ ನಾಡಿನವರು ಮಕ್ಕಳನ್ನು ಒಳಗೆ ಕೂಡಿಹಾಕುವುದನ್ನು ಕಂಡಿದ್ದರೆ ಆಕೆ ಏನೆನ್ನುತ್ತಿದ್ದರೋ!

ಆ ಗಂಟೆಗಳಲ್ಲಿ ತಾಯಿ ಮಾಡಬೇಕಾದುದಕ್ಕಿಂತ ಮಾಡಬಾರದುದೇ ಹೆಚ್ಚು. ಮಾತು ಮಿತವಾಗಿರಬೇಕು. ಮಕ್ಕಳನ್ನು ಒಂದು ದಿಬ್ಬದ ಕಡೆಗೋ ಮರದ ಕಡೆಗೋ ಕಳುಹಿಸಿ, ಕಂಡದ್ದನ್ನು ಬಂದು ವರ್ಣಿಸುವಂತೆ ಹೇಳಬೇಕು. ಎಲೆಗಳು ಎದುರುಬದುರಾಗಿದ್ದುವೋ ಒಂದರ ಮೇಲೊಂದಾಗಿದ್ದುವೋ ಎಂಬುದು ನೆನಪಿಲ್ಲವಾದರೆ ಮಗು ಮತ್ತೆ ಓಡಿಹೋಗಿ ನೋಡಿಬರಬೇಕು, ತಾಯಿ ಹೇಳಿಕೊಡಬಾರದು. ಹೆಸರನ್ನು ತಿಳಿಸುವುದು ಆಮೇಲೆ, ಮಗುವಿಗೆ ಅದು ಬೇಕೆನಿಸಿದಾಗ. ಮಗು ತನ್ನದೇ ಆದ ದಿನಚರಿಯೊಂದನ್ನು ಇಟ್ಟುಕೊಂಡು ಕಂಡುದನ್ನು ಬರೆಯುತ್ತದೆ, ಬಣ್ಣದಲ್ಲಿ ಚಿತ್ರಿಸುತ್ತದೆ. ಅದು ತಿದ್ದುವ ಪುಸ್ತಕವಲ್ಲ, ಅಂಕಗಳನ್ನು ಕೊಡುವ ಪುಸ್ತಕವೂ ಅಲ್ಲ. ಕೆಂಪು ಶಾಯಿಯ ಅಭ್ಯಾಸವಿರುವ ಕೈಗಳಿಗೆ ಈ ನಿಯಮ ಎಷ್ಟು ಕಠಿಣವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆ್ಯನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ (1854–1930). 1890ರ ದಶಕದ ಆರಂಭದಲ್ಲಿ ಬೇಸಾಯ ಕುಸಿದು ಹಳ್ಳಿಯ ಜನ ನ್ಯೂಯಾರ್ಕ್ ನಗರಕ್ಕೆ ಗುಳೆ ಹೋಗತೊಡಗಿದಾಗ, ಮಕ್ಕಳಿಗೆ ನೆಲದ ಮೇಲೆ ಪ್ರೀತಿ ಹುಟ್ಟಿಸುವ ಉದ್ದೇಶದಿಂದ ಅಲ್ಲಿನ ಶಾಲೆಗಳಲ್ಲಿ ನಿಸರ್ಗ ಪಾಠವನ್ನು ಆರಂಭಿಸಲಾಯಿತು. ಉಪಾಧ್ಯಾಯರಿಗಾಗಿ ಬರೆದ ಕಿರುಹೊತ್ತಗೆಗಳೇ ಬೆಳೆದು 1911ರಲ್ಲಿ 900 ಪುಟಗಳನ್ನು ಮೀರಿದ ಕೈಪಿಡಿಯಾದುವು. ಪಾಠವು ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಗಿಯಬೇಕೆಂಬುದು ಅವರ ಮತ. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ನನಗೆ ತಿಳಿಯದು, ನೋಡೋಣ ಬಾ’ ಎಂಬರ್ಥದ ಉತ್ತರವನ್ನು ಕೊಡಲು ಉಪಾಧ್ಯಾಯರು ನಾಚಬಾರದೆಂಬುದು ಅದಕ್ಕಿಂತಲೂ ಮುಖ್ಯವಾದ ಸಲಹೆ. ವಿಜ್ಞಾನವನ್ನು ಓದದ ತಾಯಿತಂದೆಯರು ಧೈರ್ಯದಿಂದ ಈ ಪಾಠಕ್ಕೆ ಕೈಹಾಕಲು ಸಾಧ್ಯವಾದದ್ದು ಈ ಒಂದು ಮಾತಿನಿಂದ.

ಆ ಕೈಪಿಡಿಯಲ್ಲಿ ಮೊನಾರ್ಕ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಪಾಠವಿದೆ. ಹಾಲು ಸುರಿಸುವ ಒಂದು ಜಾತಿಯ ಗಿಡಗಳ ಮೇಲೆ ಮಾತ್ರ ಅದರ ಹುಳು ಬದುಕುತ್ತದೆ. ಚಳಿಗಾಲ ಸಮೀಪಿಸಿದಾಗ ಈ ಚಿಟ್ಟೆಗಳು ಲಕ್ಷೋಪಲಕ್ಷವಾಗಿ ದಕ್ಷಿಣಕ್ಕೆ ಹಾರುತ್ತವೆಂಬುದು ತಿಳಿದಿತ್ತು. ತಂಗುವ ತಾಣವನ್ನು ಮಾತ್ರ ವಿಜ್ಞಾನಿಗಳು ಅರಿತಿರಲಿಲ್ಲ. ಕೆನಡಾದ ವಿಜ್ಞಾನಿ ಫ್ರೆಡ್ ಅರ್ಕ್‌ಹಾರ್ಟ್ ಮತ್ತು ಅವರ ಪತ್ನಿ ನೋರಾ, ಊರೂರುಗಳ ಸ್ವಯಂಸೇವಕರ ನೆರವಿನಿಂದ, ಚಿಟ್ಟೆಗಳ ರೆಕ್ಕೆಗಳಿಗೆ ಸಣ್ಣ ಚೀಟಿಗಳನ್ನು ಅಂಟಿಸಿ ದಶಕಗಳ ಕಾಲ ಹುಡುಕಿದರು. 1975ರ ಜನವರಿಯಲ್ಲಿ ಮೆಕ್ಸಿಕೋದ ಬೆಟ್ಟಗಳ ಮೇಲಿನ ಕಾಡಿನಲ್ಲಿ ಅವರ ಸಹಾಯಕರಿಗೆ ಆ ತಾಣ ದೊರೆಯಿತು. ಮರುವರ್ಷ ದಂಪತಿಗಳು ಸ್ವತಃ ಅಲ್ಲಿಗೆ ಹೋಗಿದ್ದಾಗ, ಚಿಟ್ಟೆಗಳ ಭಾರಕ್ಕೆ ಮುರಿದುಬಿದ್ದ ಕೊಂಬೆಯೊಂದರ ಬಳಿ ಚೀಟಿ ಹೊತ್ತ ಚಿಟ್ಟೆಯೊಂದು ಕಂಡಿತು. ಆ ಚೀಟಿಯನ್ನು ಅಂಟಿಸಿದ್ದವರು ಉತ್ತರದ ಮಿನೆಸೋಟ ರಾಜ್ಯದ ಒಬ್ಬ ಅಧ್ಯಾಪಕರು ಮತ್ತು ಇಬ್ಬರು ಶಾಲಾ ಬಾಲಕರು, 1975ರ ಆಗಸ್ಟ್ ತಿಂಗಳಿನಲ್ಲಿ. ಉತ್ತರದ ಚಿಟ್ಟೆ ಮೆಕ್ಸಿಕೋ ತಲಪುವುದೆಂಬುದಕ್ಕೆ ಸಾಕ್ಷ್ಯವನ್ನು ಒದಗಿಸಿದ ಕೈಗಳಲ್ಲಿ ಮಕ್ಕಳ ಕೈಗಳೂ ಇದ್ದುವು.

ಈ ಪಾಠವನ್ನು ಕನ್ನಡ ನಾಡಿನಲ್ಲಿ ನಡೆಸಲು ಅಮೆರಿಕದ ಗಿಡವನ್ನು ತರಿಸಬೇಕಾಗಿಲ್ಲ. ಹಾಳುಭೂಮಿಯಲ್ಲಿ, ರಸ್ತೆಯ ಬದಿಯಲ್ಲಿ ಬೆಳೆಯುವ ಎಕ್ಕದ ಗಿಡ ಅದೇ ಕುಟುಂಬಕ್ಕೆ ಸೇರಿದ್ದು. ಮೊನಾರ್ಕ್ ಚಿಟ್ಟೆಯ ಹತ್ತಿರದ ಬಂಧುವಾದ, ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎನ್ನುವ ಚಿಟ್ಟೆ ಎಕ್ಕದ ಎಲೆಯ ಮೇಲೆ ಒಂಟಿಯಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಹುಳುವಿನ ಮೊದಲ ಆಹಾರ ತನ್ನ ಮೊಟ್ಟೆಯ ಸಿಪ್ಪೆಯೇ. ಬೆಳೆದ ಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳು. ಬೆನ್ನಿನ ಮೇಲೆ ಮೂರು ಜೋಡಿ ಕಪ್ಪು ಎಳೆಗಳು. ಮೊನಾರ್ಕಿನ ಹುಳುವಿಗೆ ಎರಡೇ ಜೋಡಿ.

ಗಿಡದಲ್ಲಿಯೇ ನೋಡುವುದು ಉತ್ತಮ. ಮನೆಗೆ ತರುವುದಾದರೆ ಅಗಲ ಬಾಯಿಯ ಗಾಜಿನ ಜಾಡಿಗೆ ತೆಳುಬಟ್ಟೆಯನ್ನು ಕಟ್ಟಿ, ದಿನವೂ ಹೊಸ ಎಲೆಯನ್ನಿಟ್ಟು, ಹಿಕ್ಕೆಯನ್ನು ತೆಗೆಯಬೇಕು. ಎಲೆಯನ್ನು ಕೀಳುವ ಕೆಲಸ ದೊಡ್ಡವರದು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯವುಂಟು. ಮಕ್ಕಳು ಜಾಡಿಯನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಕಣ್ಣುಜ್ಜದಂತೆ ನೋಡಿಕೊಳ್ಳಬೇಕು. ಹುಳು ಎಷ್ಟು ಸಲ ಪೊರೆ ಕಳಚಿತು, ತಲೆಕೆಳಗಾಗಿ ತೂಗಿದ್ದು ಯಾವ ದಿನ, ಕೋಶದ ಬಣ್ಣ ಎಂದು ಬದಲಾಯಿತು ಎಂಬುದನ್ನೆಲ್ಲ ಮಗುವೇ ಬರೆದಿಡಲಿ. ಆ ದಿನಗಳ ಲೆಕ್ಕವನ್ನು ಹಿರಿಯರು ಮುಂಚಿತವಾಗಿ ಹೇಳಿಬಿಟ್ಟರೆ ಕಾಯುವ ಕುತೂಹಲವೇ ಇಂಗಿಹೋಗುತ್ತದೆ. ಕೆಲವು ಹುಳುಗಳು ಸಾಯುತ್ತವೆ. ಅದನ್ನೂ ಬರೆಯಬೇಕು, ಮರೆಮಾಚಬಾರದು.

ಎಕ್ಕದ ವಿಷ ಚಿಟ್ಟೆಯ ಮೈಯಲ್ಲಿ ಉಳಿಯುವುದರಿಂದ ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ಹತ್ತಿರ ಸುಳಿಯದು. ಇದರ ಲಾಭವನ್ನು ಪಡೆಯುವ ಇನ್ನೊಂದು ಚಿಟ್ಟೆಯೂ ಇದೆ. ಡೇನೈಡ್ ಎಗ್‌ಫ್ಲೈ ಎಂಬ ಆ ಜಾತಿಯ ಹೆಣ್ಣು ಬಣ್ಣದಲ್ಲಿಯೂ ಹಾರಾಟದಲ್ಲಿಯೂ ಪ್ಲೇನ್ ಟೈಗರನ್ನು ಹೋಲುತ್ತದೆ. ಅದರಲ್ಲಿ ವಿಷವಿಲ್ಲ, ಅದರ ಹುಳು ಬೆಳೆಯುವುದು ಗೋಣಿಸೊಪ್ಪಿನಂತಹ ಗಿಡಗಳ ಮೇಲೆ. ಕೆಲವು ವಾರಗಳ ಕಾಲ ಎಕ್ಕದ ಗಿಡದ ಬಳಿ ನಿಂತ ಮಗುವಿಗೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟವಾಗದು: ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ, ಅದರ ವೇಷ ಧರಿಸಿದ ಹೆಣ್ಣಿಗೆ ಇರುವುದು ಹೆಚ್ಚೆಂದರೆ ಒಂದು.